ಸಾಂಪ್ರದಾಯಿಕ ಶಿಲಾರೋಹಣ ಕಲಿಕೆ ಮತ್ತು ಭಯದ ನಿರ್ವಹಣೆ: ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಮಲೆನಾಡು ಪ್ರದೇಶಗಳಾಗಿವೆ. ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡ ಮತ್ತು ಬಿಸಿಲೆ ಘಟ್ಟದ ಸುತ್ತಲಿನ ಬೆಟ್ಟಗಳಿಗೆ ರಜಾದಿನಗಳಲ್ಲಿ ಅನೇಕ ಯುವಜನರು ಭೇಟಿ ನೀಡುತ್ತಾರೆ. ಇವರಲ್ಲಿ ಕೆಲವರು ಬಂಡೆ ಹತ್ತುವ ಸಾಹಸ ಕ್ರೀಡೆಯನ್ನು ಕ್ರಮಬದ್ಧವಾಗಿ ಕಲಿಯಲು ಆಸಕ್ತಿ ಹೊಂದಿರುತ್ತಾರೆ. ಆದರೆ ಎತ್ತರದ ಭಯದಿಂದಾಗಿ ತರಬೇತಿಗೆ ಅರ್ಜಿ ಸಲ್ಲಿಸಲು ಹಿಂಜರಿಯುವವರಿದ್ದಾರೆ. ಭಯವನ್ನು ಮುಚ್ಚಿಟ್ಟು, ತರಬೇತಿಯಿಲ್ಲದೆ ಬಂಡೆ ಏರಲು ಹೋಗುವವರೂ ಇದ್ದಾರೆ. ಈ ಎರಡೂ ವರ್ಗದವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಸಾಂಪ್ರದಾಯಿಕ ಶಿಲಾರೋಹಣ ಎಂದರೇನು?

ಬಂಡೆಯಲ್ಲಿ ಮೊದಲೇ ಕೊರೆದು ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗವನ್ನು ಸಿಕ್ಕಿಸುತ್ತಾ ಏರುವುದು ಕ್ರೀಡಾ ಶಿಲಾರೋಹಣ. ಸಾಂಪ್ರದಾಯಿಕ ಶಿಲಾರೋಹಣದಲ್ಲಿ ಅಂತಹ ಬೋಲ್ಟ್‌ಗಳನ್ನು ಅವಲಂಬಿಸುವುದಿಲ್ಲ. ಮುಂದೆ ಏರುವವರು ಬಂಡೆಯ ಬಿರುಕುಗಳಲ್ಲಿ ನಟ್, ಕ್ಯಾಮ್ ಮುಂತಾದ ಲೋಹದ ಸಾಧನಗಳನ್ನು ತಾವೇ ಕೂರಿಸಿ, ಅವುಗಳಿಗೆ ಕ್ಯಾರಾಬಿನರ್ ಮೂಲಕ ಹಗ್ಗವನ್ನು ಜೋಡಿಸುತ್ತಾ ಸಾಗುತ್ತಾರೆ. ಹಿಂದಿನಿಂದ ಏರುವವರು ಆ ಸಾಧನಗಳನ್ನು ಬಿಡಿಸಿಕೊಂಡು ಬರುತ್ತಾರೆ. ಬಂಡೆಯ ಮೇಲೆ ಶಾಶ್ವತ ಗುರುತು ಉಳಿಯುವುದಿಲ್ಲ.

ಈ ವಿಧಾನದಲ್ಲಿ ಆಧಾರದ ಗುಣಮಟ್ಟವು ಕಲಿಯುವವರ ಸ್ವಂತ ತೀರ್ಮಾನವನ್ನು ಅವಲಂಬಿಸಿರುತ್ತದೆ. ಆದುದರಿಂದ ಇಲ್ಲಿ ಭಯವು ಹೆಚ್ಚು, ಅದರ ಉಪಯೋಗವೂ ಹೆಚ್ಚು.

3. ಎಲ್ಲಿ ಕಲಿಯಬೇಕು?

ಸಕಲೇಶಪುರ ಮತ್ತು ಆಲೂರಿನ ಬೆಟ್ಟಗಳ ಬಹುಭಾಗ ಹುಲ್ಲುಗಾವಲು, ಶೋಲಾ ಕಾಡು ಮತ್ತು ಕಾಫಿ ತೋಟಗಳಿಂದ ಕೂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರಿ ಮಳೆಯಿಂದ ತೆರೆದ ಬಂಡೆಗಳ ಮೇಲೆ ಪಾಚಿ ಕಟ್ಟುತ್ತದೆ. ಜಂಬಿಟ್ಟಿಗೆ ಕಲ್ಲು ಮತ್ತು ಶಿಥಿಲಗೊಂಡ ಬಂಡೆಯ ಪದರಗಳು ಸಾಧನಗಳ ಮೇಲಿನ ಭಾರವನ್ನು ತಡೆಯಲಾರವು. ಈ ಬೆಟ್ಟಗಳು ನಡಿಗೆಗೆ, ದೇಹವನ್ನು ಅಣಿಗೊಳಿಸುವುದಕ್ಕೆ ಹಾಗೂ ಎತ್ತರಕ್ಕೆ ಕಣ್ಣನ್ನು ಒಗ್ಗಿಸುವುದಕ್ಕೆ ಸೂಕ್ತವಾಗಿವೆ. ಹಗ್ಗದ ಕೆಲಸವನ್ನು ರಾಮನಗರದ ಗ್ರಾನೈಟ್ ಬೆಟ್ಟಗಳು, ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳು ಮುಂತಾದ ಪರಿಚಿತ ತಾಣಗಳಲ್ಲಿ, ತರಬೇತುದಾರರ ಸಮ್ಮುಖದಲ್ಲಿ ಕಲಿಯುವುದು ಸೂಕ್ತ. ರಾಮದೇವರಬೆಟ್ಟವು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿತವಾಗಿರುವುದರಿಂದ ಅಲ್ಲಿ ಅನುಮತಿ ಇಲ್ಲದೆ ಆರೋಹಣ ಮಾಡತಕ್ಕದ್ದಲ್ಲ.

ರಾಜ್ಯದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣ ಸೇರಿದಂತೆ ಸಾಹಸ ಕ್ರೀಡೆಗಳ ಶಿಬಿರಗಳನ್ನು ನಡೆಸುತ್ತದೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಹೆಸರನ್ನು ಈ ಅಕಾಡೆಮಿಗೆ ಇಡಲಾಗಿದೆ. ಮುಂದುವರಿದ ಪರ್ವತಾರೋಹಣ ತರಬೇತಿಗೆ ಡಾರ್ಜಿಲಿಂಗ್‌ನ ಹಿಮಾಲಯ ಪರ್ವತಾರೋಹಣ ಸಂಸ್ಥೆ (ಸ್ಥಾಪನೆ 1954) ಹಾಗೂ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ (ಸ್ಥಾಪನೆ 1965) ಲಭ್ಯವಿವೆ.

4. ಕಲಿಕೆಯ ಹಂತಗಳು

ಈ ಹಂತಗಳನ್ನು ಕ್ರಮವಾಗಿ ಅನುಸರಿಸುವುದೇ ಭಯ ನಿರ್ವಹಣೆಯ ಮೊದಲ ಉಪಾಯ.

ಅ) ನೆಲದ ಮೇಲೆ: ಹಾರ್ನೆಸ್ ಧರಿಸುವುದು, ಎಂಟರ ಆಕಾರದ ಗಂಟು ಕಟ್ಟುವುದು, ಬಿಲೇ ನೀಡುವುದು (ಏರುವವರ ಹಗ್ಗವನ್ನು ಕೆಳಗಿನಿಂದ ನಿಯಂತ್ರಿಸುವುದು).

ಆ) ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲಿ ಏರುವುದು: ಹಗ್ಗವು ಸದಾ ಮೇಲಿನಿಂದ ಹಿಡಿದಿರುವುದರಿಂದ, ಹಗ್ಗ ಬಿಗಿಯಾಗಿರುವವರೆಗೆ ಜಾರಿದರೂ ಬೀಳುವ ದೂರ ಅತ್ಯಲ್ಪ.

ಇ) ಅನುಭವಿಗಳ ಹಿಂದೆ ಏರುವುದು: ಮುಂದಿನವರು ಕೂರಿಸಿದ ಸಾಧನಗಳನ್ನು ಬಿಡಿಸುವಾಗ ಯಾವುದು ಭದ್ರವಾಗಿತ್ತು, ಯಾವುದು ಸಡಿಲವಾಗಿತ್ತು ಎಂಬುದು ಕೈಗೇ ತಿಳಿಯುತ್ತದೆ. ಈ ಹಂತವನ್ನು ಅವಸರದಲ್ಲಿ ಮುಗಿಸಬಾರದು.

ಈ) ಅಣಕು ಮುಂದಾಳತ್ವ: ಮೇಲಿನ ಹಗ್ಗದ ರಕ್ಷಣೆ ಇರುವಾಗಲೇ ಎರಡನೆಯ ಹಗ್ಗವೊಂದನ್ನು ಎಳೆದುಕೊಂಡು, ಸಾಧನಗಳನ್ನು ತಾವೇ ಕೂರಿಸುತ್ತಾ ಏರುವುದು. ಇಳಿದ ನಂತರ ತರಬೇತುದಾರರು ಪ್ರತಿಯೊಂದು ಸಾಧನವನ್ನು ಪರಿಶೀಲಿಸುತ್ತಾರೆ.

ಉ) ಸುಲಭವಾದ ಬಂಡೆಯಲ್ಲಿ ಮುಂದಾಳಾಗಿ ಏರುವುದು.

5. ಬೀಳುವಿಕೆಯ ಲೆಕ್ಕ

ಎಷ್ಟು ದೂರ ಬೀಳಬಹುದೆಂಬುದನ್ನು ಲೆಕ್ಕ ಹಾಕಬಲ್ಲವರಲ್ಲಿ ಅನಗತ್ಯ ಭಯ ಕಡಿಮೆಯಾಗುತ್ತದೆ. ಕೊನೆಯ ಆಧಾರದಿಂದ 2 ಮೀಟರ್ ಮೇಲಿರುವವರು ಜಾರಿದರೆ ಕನಿಷ್ಠ 4 ಮೀಟರ್ ಬೀಳುತ್ತಾರೆ. ಹಗ್ಗದ ಸಡಿಲ ಮತ್ತು ಹಿಗ್ಗುವಿಕೆ ಇದಕ್ಕೆ ಸೇರುತ್ತದೆ. ಬಿದ್ದ ದೂರವನ್ನು, ಬಿಲೇ ನೀಡುವವರಿಂದ ಏರುವವರವರೆಗಿನ ಹಗ್ಗದ ಉದ್ದದಿಂದ ಭಾಗಿಸಿದರೆ ಬೀಳುವಿಕೆಯ ಅಂಶ ದೊರೆಯುತ್ತದೆ. 20 ಮೀಟರ್ ಹಗ್ಗ ಹೊರಬಿಟ್ಟಿರುವಾಗ 4 ಮೀಟರ್ ಬಿದ್ದರೆ ಈ ಅಂಶ 0.2, ಹಿಗ್ಗುವ ಹಗ್ಗವು ಆ ಹೊಡೆತವನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಬಂಡೆಯ ನಡುವಿನ ನಿಲುಗಡೆಯಿಂದ ಹೊರಟು, ಯಾವುದೇ ಆಧಾರ ಕೂರಿಸದೆ 2 ಮೀಟರ್ ಏರಿ ಜಾರಿದರೆ ಬೀಳುವ ದೂರ ಅದೇ 4 ಮೀಟರ್ ಆದರೂ ಅಂಶ 2 ಆಗುತ್ತದೆ. ಇದು ಅತ್ಯಂತ ಕಠಿಣ ಹೊಡೆತ. ಆದುದರಿಂದ ನಿಲುಗಡೆ ಬಿಟ್ಟ ಕೂಡಲೇ ಮೊದಲ ಸಾಧನವನ್ನು ಕೂರಿಸತಕ್ಕದ್ದು. ನೆಲದಿಂದ ಹೊರಡುವಾಗಲೂ ಆರಂಭದ ಸಾಧನಗಳು ಒಂದಕ್ಕೊಂದು ಹತ್ತಿರವಿರಬೇಕು. ಇಲ್ಲವಾದಲ್ಲಿ ಹಗ್ಗ ಬಿಗಿಯಾಗುವ ಮೊದಲೇ ನೆಲ ತಾಗುವ ಅಪಾಯವಿದೆ.

ಸಾಧನ ಕೂರಿಸುವ ಮುನ್ನ ಬಂಡೆಯನ್ನು ಕೈಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದಲ್ಲಿ ಆ ಪದರವನ್ನು ನಂಬಬಾರದು. ನಟ್ ಸಾಧನವನ್ನು ಕೆಳಕ್ಕೆ ಕಿರಿದಾಗುತ್ತಾ ಹೋಗುವ ಬಿರುಕಿನಲ್ಲಿ, ಭಾರ ಬೀಳುವ ದಿಕ್ಕಿಗೆ ಎಳೆದು ಕೂರಿಸಬೇಕು.

6. ಭಯದ ನಿರ್ವಹಣೆ

ಭಯವಾದಾಗ ಎದೆಬಡಿತ ಹೆಚ್ಚುತ್ತದೆ, ಉಸಿರು ಮೇಲುಮೇಲಾಗುತ್ತದೆ, ಅಂಗೈ ಬೆವರುತ್ತದೆ, ಮೀನಖಂಡ ಹೊಲಿಗೆ ಯಂತ್ರದಂತೆ ನಡುಗುತ್ತದೆ. ಇದು ದೇಹದ ಸಹಜ ಪ್ರತಿಕ್ರಿಯೆಯಾಗಿದ್ದು, ಹೇಡಿತನದ ಲಕ್ಷಣವಲ್ಲ. ಆದರೆ ಭಯಗೊಂಡವರು ಬಂಡೆಯನ್ನು ಅಗತ್ಯಕ್ಕಿಂತ ಬಲವಾಗಿ ಹಿಡಿಯುತ್ತಾರೆ. ಮುಂಗೈ ಬೇಗನೆ ಸೋಲುತ್ತದೆ. ಹೀಗೆ ಬೀಳುವ ಭಯವೇ ಬೀಳುವುದಕ್ಕೆ ಕಾರಣವಾಗುವ ಸಂಭವವಿದೆ. ಇದನ್ನು ತಡೆಯಲು ಈ ಕ್ರಮಗಳನ್ನು ಅನುಸರಿಸಬಹುದಾಗಿದೆ:

• ತೋಳುಗಳನ್ನು ನೇರವಾಗಿರಿಸಿ, ಭಾರವನ್ನು ಕಾಲುಗಳ ಮೇಲೆ ಹಾಕಿ, ಹಿಮ್ಮಡಿಯನ್ನು ತಗ್ಗಿಸಿ ನಿಲ್ಲುವುದು.
• ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದು. ಹೀಗೆ ನಾಲ್ಕೈದು ಬಾರಿ ಮಾಡುವುದು.
• ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು: ಕೊನೆಯ ಭದ್ರ ಆಧಾರ ಎಲ್ಲಿದೆ? ಬಿದ್ದರೆ ಯಾವುದಕ್ಕೆ ತಾಗುತ್ತೇನೆ? ಮುಂದಿನ ವಿಶ್ರಾಂತಿಯ ನೆಲೆ ಎಲ್ಲಿದೆ?

ಆಧಾರ ಭದ್ರವಾಗಿದ್ದು, ಕೆಳಗೆ ತಾಗುವಂತಹದೇನೂ ಇಲ್ಲದಿದ್ದಲ್ಲಿ ಅದು ಭಯದ ಅನುಭವ ಮಾತ್ರ, ಮುಂದುವರಿಯಬಹುದು. ಆಧಾರ ದುರ್ಬಲವಾಗಿದ್ದಲ್ಲಿ ಅಥವಾ ಕೆಳಗೆ ಚಾಚು ಬಂಡೆ ಇದ್ದಲ್ಲಿ ಅದು ನಿಜವಾದ ಅಪಾಯ. ಆಗ ಮತ್ತೊಂದು ಸಾಧನ ಕೂರಿಸಬೇಕು ಅಥವಾ ಹತ್ತಿದ ದಾರಿಯಲ್ಲೇ ಇಳಿಯಬೇಕು. ಈ ಎರಡನ್ನು ಬೇರ್ಪಡಿಸಿ ನೋಡುವ ವಿವೇಚನೆಯೇ ಈ ಕ್ರೀಡೆಯ ಮುಖ್ಯ ವಿದ್ಯೆ.

ಪ್ರತಿ ಬಾರಿಯೂ ಭಯ ಅತಿ ಹೆಚ್ಚಾದ ಕ್ಷಣದಲ್ಲೇ ಕೆಳಗಿಳಿದರೆ ಮುಂದಿನ ಬಾರಿ ಭಯ ಬೇಗನೆ ಮರಳುತ್ತದೆ. ಮೇಲಿನ ಹಗ್ಗದ ಪೂರ್ಣ ರಕ್ಷಣೆಯಲ್ಲಿ, ಸಹಿಸಬಹುದಾದ ಎತ್ತರದಲ್ಲಿ ಎದೆಬಡಿತ ತಗ್ಗುವವರೆಗೆ ನಿಂತಿದ್ದು ಬಳಿಕ ಇಳಿಯುವುದು ಉತ್ತಮ. ಬೀಳುವ ಅಭ್ಯಾಸವನ್ನು ಮೇಲಿನ ಹಗ್ಗದಲ್ಲಿ, ತರಬೇತುದಾರರ ಎದುರಿನಲ್ಲಿ ಮಾತ್ರ ಮಾಡತಕ್ಕದ್ದು. ತಾವೇ ಕೂರಿಸಿದ ಸಾಧನವನ್ನು ಪರೀಕ್ಷಿಸಲು ಅದರ ಮೇಲೆ ಬೀಳಬಾರದು. ನೆಲಮಟ್ಟದಲ್ಲಿ ಸಾಧನಕ್ಕೆ ಪಟ್ಟಿ ಕಟ್ಟಿ, ಅದರ ಮೇಲೆ ನಿಂತು ಭಾರ ಹಾಕಿ ಕಲಿಯಬಹುದು.

“ಇಳಿಯುತ್ತೇನೆ” ಎಂದು ಹೇಳುವ ಹಕ್ಕು ಪ್ರತಿಯೊಬ್ಬ ಕಲಿಯುವವರಿಗೂ ಇದೆ. ಗೆಳೆಯರು ಹಂಗಿಸಿ ಹುರಿದುಂಬಿಸುವುದನ್ನು ತಂಡದ ನಾಯಕರು ತಡೆಯಬೇಕು. ಚಿತ್ರದುರ್ಗದ ಕೋಟೆ ಗೋಡೆಗಳನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ದೃಶ್ಯಗಳನ್ನು ನೋಡಿ ಅದನ್ನು ಅನುಕರಿಸಲು ಯತ್ನಿಸಬಾರದು. ಒಂದು ಸಣ್ಣ ಜಾರುವಿಕೆಗೂ ಅಲ್ಲಿ ಎರಡನೆಯ ಅವಕಾಶವಿರುವುದಿಲ್ಲ.

7. ಸ್ಥಳೀಯ ಎಚ್ಚರಿಕೆಗಳು

• ಆನೆ: ಸಕಲೇಶಪುರ ಮತ್ತು ಆಲೂರು ಭಾಗದಲ್ಲಿ ಕಾಡಾನೆಗಳ ಸಂಚಾರವಿದೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಆನೆಯು 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಮೃತಪಟ್ಟಿತು. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಸಂಚರಿಸಬಾರದು. ಹೊರಡುವ ಮುನ್ನ ಅರಣ್ಯ ಸಿಬ್ಬಂದಿಯಿಂದ ಮಾಹಿತಿ ಪಡೆಯಬೇಕು.
• ಹೆಜ್ಜೇನು: ಕಡಿದಾದ ಬಂಡೆಗಳ ಚಾಚಿನಡಿ ಹೆಜ್ಜೇನು ಗೂಡು ಕಟ್ಟುತ್ತದೆ. ಏರುವ ಮುನ್ನ ಬಂಡೆಯನ್ನು ದೂರದಿಂದ ಪರಿಶೀಲಿಸಬೇಕು. ಹೊಗೆ, ಗದ್ದಲ ಸಲ್ಲದು.
• ಸ್ಮಾರಕ: ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ ಪೂರ್ಣಗೊಂಡ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ಗೋಡೆಗಳನ್ನು ಅಭ್ಯಾಸಕ್ಕಾಗಿ ಏರಬಾರದು.
• ರೈಲು ಮಾರ್ಗ: ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಗಳ ಮೇಲೆ ನಡೆಯುವುದು ರೈಲ್ವೆ ಕಾಯ್ದೆ 1989ರ ಕಲಂ 147ರ ಅನ್ವಯ ಅತಿಕ್ರಮ ಪ್ರವೇಶವಾಗುತ್ತದೆ.
• ಅನುಮತಿ: ಅರಣ್ಯ ಪ್ರದೇಶಕ್ಕೆ ಅರಣ್ಯ ಇಲಾಖೆಯ ಹಾಗೂ ಖಾಸಗಿ ತೋಟಗಳಿಗೆ ಮಾಲೀಕರ ಪೂರ್ವಾನುಮತಿ ಅಗತ್ಯ.

8. ಅರ್ಜಿದಾರರಿಗೆ ಸೂಚನೆಗಳು

ಶಿಬಿರದ ದಿನಾಂಕ, ವಯೋಮಿತಿ ಮತ್ತು ಶುಲ್ಕ ಆಯಾ ಶಿಬಿರದ ಪ್ರಕಟಣೆಯಂತೆ ಇರುತ್ತವೆ. ಅರ್ಜಿದಾರರು ಗುರುತಿನ ಚೀಟಿ, ವಯಸ್ಸಿನ ದಾಖಲೆ, ವೈದ್ಯರ ದೃಢೀಕರಣ ಪತ್ರ ಹಾಗೂ ಅಪ್ರಾಪ್ತ ವಯಸ್ಕರಾಗಿದ್ದಲ್ಲಿ ಪೋಷಕರ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಹೃದ್ರೋಗ, ಮೂರ್ಛೆರೋಗ, ತಲೆಸುತ್ತು ಅಥವಾ ತೀವ್ರ ಭೀತಿಯ ತೊಂದರೆ ಇದ್ದಲ್ಲಿ ಮರೆಮಾಚದೆ ವೈದ್ಯರಿಗೂ ತರಬೇತುದಾರರಿಗೂ ತಿಳಿಸಬೇಕು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎತ್ತರದ ಭಯ ಇರುವವರು ತರಬೇತಿ ಪಡೆಯಬಹುದೇ?
ಉತ್ತರ: ಪಡೆಯಬಹುದು. ಭಯವನ್ನು ಮೊದಲ ದಿನವೇ ತರಬೇತುದಾರರಿಗೆ ತಿಳಿಸಿದಲ್ಲಿ ಹಂತಗಳನ್ನು ಅದಕ್ಕೆ ತಕ್ಕಂತೆ ನಿಧಾನಗೊಳಿಸಲು ಸಾಧ್ಯ. ಭಯವು ದೈನಂದಿನ ಜೀವನಕ್ಕೂ ಅಡ್ಡಿಯಾಗುತ್ತಿದ್ದಲ್ಲಿ ವೈದ್ಯರ ಸಲಹೆ ಪಡೆಯಬೇಕು ಅಥವಾ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಪ್ರಶ್ನೆ: ಅನುಭವ ಬಂದ ಮೇಲೆ ಭಯ ಸಂಪೂರ್ಣ ಹೋಗುತ್ತದೆಯೇ?
ಉತ್ತರ: ಹೋಗಬೇಕಾದ ಅಗತ್ಯವಿಲ್ಲ. ಗಂಟನ್ನು ಎರಡನೆಯ ಬಾರಿ ನೋಡುವಂತೆ ಮಾಡುವುದು ಅದೇ ಭಯ. ಏರುವ ಮುನ್ನ ಜೊತೆಗಾರರು ಪರಸ್ಪರರ ಹಾರ್ನೆಸ್ ಬಕಲ್, ಗಂಟು, ಬಿಲೇ ಸಾಧನ, ಕ್ಯಾರಾಬಿನರ್ ಬೀಗ ಮತ್ತು ಹೆಲ್ಮೆಟ್ ಪರಿಶೀಲಿಸುವುದನ್ನು ಎಷ್ಟೇ ಅನುಭವವಿದ್ದರೂ ಕೈಬಿಡತಕ್ಕದ್ದಲ್ಲ.

ಪ್ರಶ್ನೆ: ಅಪಘಾತ ಸಂಭವಿಸಿದಲ್ಲಿ ಏನು ಮಾಡಬೇಕು?
ಉತ್ತರ: 112 ಅಥವಾ 108ಕ್ಕೆ ಕರೆ ಮಾಡಿ ಗ್ರಾಮ, ಬೆಟ್ಟದ ಹೆಸರು ಮತ್ತು ಹತ್ತಿರದ ರಸ್ತೆಯನ್ನು ತಿಳಿಸಬೇಕು. ಬೆಟ್ಟಗಳಲ್ಲಿ ಮೊಬೈಲ್ ಸಂಪರ್ಕ ಸಿಗದಿರಬಹುದಾದ ಕಾರಣ, ಹೊರಡುವ ಮುನ್ನ ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ಮನೆಯವರಿಗೆ ಬರೆದುಕೊಟ್ಟಿರಬೇಕು. ಪ್ರಜ್ಞೆ ತಪ್ಪಿ ಹಗ್ಗದಲ್ಲಿ ನೇತಾಡುತ್ತಿರುವವರನ್ನು ಸುರಕ್ಷಿತವಾಗಿ ಹಾಗೂ ಶೀಘ್ರವಾಗಿ ಕೆಳಗಿಳಿಸಬೇಕು. ಅಲುಗಾಡದೆ ಹಾರ್ನೆಸ್‌ನಲ್ಲಿ ತೂಗಾಡುವುದು ಪ್ರಾಣಾಪಾಯಕಾರಿ.

ಹೆಚ್ಚಿನ ವಿವರಗಳಿಗಾಗಿ ಸಾರ್ವಜನಿಕರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಹಾಸನ ಜಿಲ್ಲಾ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.