ಮಿದುಳು ಕೇಳುವ ಮುನ್ನ

ಬೆಂಗಳೂರಿನ ಜಯನಗರದ ಪೂರ್ವಕ್ಕೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಸೇರಿ ಆದದ್ದು ಇದು. 1995ರಲ್ಲಿ ಇಲ್ಲಿ, ಸಂಶೋಧನೆಗಾಗಿ ದಾನವಾದ ಮಿದುಳುಗಳನ್ನು ಕಾಪಿಡುವ ಮಿದುಳು ಬ್ಯಾಂಕ್ ಶುರುವಾಯಿತು.

ಅಲ್ಲಿನ ಒಂದೊಂದು ಮಿದುಳಿನ ಹಿಂದೆಯೂ ಒಂದು ಕಷ್ಟದ ಮಾತುಕತೆಯಿದೆ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಂದೆ ಶವಾಗಾರದ ಹೊರಗೆ ನಿಂತಿರುತ್ತಾರೆ. ಮಗನ ಮಿದುಳು ಯಾಕೆ ಬೇಕು, ಅದು ಬೇರೆ ಸಂಸ್ಥೆಗಳ ಸಂಶೋಧಕರಿಗೂ ಹೋಗಬಹುದೇ, ಬೇಡ ಎಂದರೆ ಏನಾಗುತ್ತದೆ ಎಂಬುದನ್ನೆಲ್ಲ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಸಹಿ ಹಾಕಿಸಿಕೊಳ್ಳಲು ಒಂದು ನಿಮಿಷ ಸಾಕು, ಮನವರಿಕೆಗೆ ಸಾಲದು.

ಒಪ್ಪಿಗೆ ಸಿಕ್ಕ ಮೇಲೆ ಮಿದುಳಿನ ಚೂರುಗಳು ಫಾರ್ಮಲಿನ್‌ಗೋ ಡೀಪ್ ಫ್ರೀಜರ್‌ಗೋ ಸೇರುತ್ತವೆ.

ಇಂಥ ಸಂಶೋಧನೆಯ ನೈತಿಕತೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲೇ ನೀತಿ ಹೇಳಿಕೆ ಹೊರಡಿಸಿತ್ತು. ವಿಸ್ತಾರವಾದ ಮಾರ್ಗಸೂಚಿ ಬಂದದ್ದು 2000ದಲ್ಲಿ. ಅದನ್ನು ರೂಪಿಸಿದ ಸಮಿತಿಗೆ ಬೆಂಗಳೂರಿನವರೇ ಆದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರು. 2017ರ ಪರಿಷ್ಕರಣೆ ಸಹಭಾಗಿ ಸಂಸ್ಥೆಗಳಿಗೂ ಕಟ್ಟುಪಾಡು ಹಾಕಿತು: ಮಾದರಿ ಯಾರ ಬಳಿ ಇರಬೇಕು, ದತ್ತಾಂಶ ಯಾರದು, ಪ್ರಬಂಧದಲ್ಲಿ ಯಾರ ಹೆಸರು ಬರಬೇಕು ಎಂಬುದೆಲ್ಲ ಕೆಲಸ ಶುರುವಾಗುವ ಮೊದಲೇ ಒಪ್ಪಂದದಲ್ಲಿ ಬರಬೇಕು. ಶವಾಗಾರದ ಹೊರಗೆ ನಿಂತ ಆ ತಂದೆಗೆ ಕೊಟ್ಟ ಮಾತೂ ಆ ಕಾಗದದ ಜೊತೆಗೇ ಸಾಗಬೇಕು.