ಬೇಕಲ: ಅರಬ್ಬಿ ಕಡಲಂಚಿನ ಕೆಳದಿ ಕೋಟೆ

ಕಡಲ ತೀರವನ್ನೂ ಪುರಾತನ ಅವಶೇಷಗಳನ್ನೂ ಒಂದೇ ಊರಿನಲ್ಲಿ ನೋಡಬಯಸುವ ಪ್ರವಾಸಿಗರಿಗೆ ಕಾಸರಗೋಡು ಜಿಲ್ಲೆಯ ಬೇಕಲ ಪ್ರಶಸ್ತ ತಾಣ. ಸುಮಾರು 40 ಎಕರೆ ವಿಸ್ತಾರದ ಇಲ್ಲಿನ ಮುರಕಲ್ಲಿನ ಕೋಟೆ ಕೇರಳದಲ್ಲೇ ಅತಿ ದೊಡ್ಡದು. ಆದರೆ ಅದರ ಚರಿತ್ರೆಯ ಬಹುಭಾಗ ಕನ್ನಡ ನಾಡಿಗೆ ಸೇರಿದ್ದು. ಕಡಲೇ ಇಲ್ಲದ ಕೋಲಾರ ಜಿಲ್ಲೆಗೂ ಈ ಕೋಟೆಗೂ ನಂಟುಂಟು.

ಚರಿತ್ರೆ

ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಈ ಕೋಟೆಯನ್ನು ಕಟ್ಟಿಸಿದನೆಂಬುದು ಪ್ರಚಲಿತ ಅಭಿಪ್ರಾಯ. ಕೋಲತ್ತಿರಿ ಅರಸರ ಕಾಲದಲ್ಲೇ ಇಲ್ಲೊಂದು ಕೋಟೆಯಿತ್ತು, ನಾಯಕರು ಅದನ್ನು ಬಲಪಡಿಸಿದರು ಎನ್ನುವ ಇತಿಹಾಸಕಾರರೂ ಇದ್ದಾರೆ. ಸಮೀಪದ ಚಂದ್ರಗಿರಿ ಕೋಟೆಯೂ ಶಿವಪ್ಪ ನಾಯಕನ ಕಾಲದ್ದೇ. ಕಾಞಂಗಾಡಿನ ಕೋಟೆಯನ್ನು ಕಟ್ಟಿಸಿದವನು ಅದೇ ವಂಶದ ಸೋಮಶೇಖರ ನಾಯಕ. ಆ ಊರಿಗಿರುವ ಹೊಸದುರ್ಗ ಎಂಬ ಹೆಸರು ಕನ್ನಡದ್ದು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕರಾವಳಿಯ ಕೋಟೆಗಳೂ ಅವನ ವಶವಾದವು. ಹೈದರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಟಿಪ್ಪು ಸುಲ್ತಾನನಿಗೆ ಬೇಕಲ ಮಲಬಾರಿನ ದಂಡಯಾತ್ರೆಗಳ ಸೇನಾನೆಲೆಯಾಯಿತು. ತಂದೆ ಮಗ ಇಬ್ಬರ ಬಳಿಯೂ ಸೇವೆ ಸಲ್ಲಿಸಿ, ಆನಂತರ ಮೈಸೂರಿನ ದಿವಾನರಾದ ಪೂರ್ಣಯ್ಯನವರೇ ಪಾಪನಪಲ್ಲಿ ಎಂಬ ಊರಿಗೆ ತಮ್ಮ ಮಗನ ಹೆಸರಿಟ್ಟು ಅದನ್ನು ಶ್ರೀನಿವಾಸಪುರವಾಗಿಸಿದವರು.

1799ರಲ್ಲಿ ಟಿಪ್ಪುವಿನ ಮರಣಾನಂತರ ಬೇಕಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಬಳಿಕ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಈ ಪ್ರದೇಶ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಬೇಕಲ ನದಿಯ ದಕ್ಷಿಣಕ್ಕಿರುವುದರಿಂದ, ಜಾರಿಗೆ ಬಂದಿದ್ದರೂ ಕೋಟೆ ಗಡಿಯಾಚೆಯೇ ಉಳಿಯುತ್ತಿತ್ತು.

ನೋಡತಕ್ಕವು

ಕೋಟೆ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರವೇಶದ್ವಾರದ ಬಳಿ ಆಂಜನೇಯ ಗುಡಿಯಿದೆ; ಅನತಿ ದೂರದಲ್ಲಿ ಹಳೆಯ ಮಸೀದಿಯಿದೆ. ಒಳಗೆ ಮೆಟ್ಟಿಲುಗಳುಳ್ಳ ಕೊಳ, ಮದ್ದಿನ ಮನೆ, ದಕ್ಷಿಣಕ್ಕೆ ತೆರೆಯುವ ಸುರಂಗಮಾರ್ಗ ಮತ್ತು ವಿಶಾಲವಾದ ವೀಕ್ಷಣಾ ಬುರುಜು ಇವೆ. ಬುರುಜನ್ನೇರಿದರೆ ಕಡಲು, ತೆಂಗಿನ ತೋಪುಗಳು, ಸುತ್ತಲಿನ ಊರುಗಳು ಕಾಣುತ್ತವೆ.

ಹೊರಗೋಡೆಯ ಗುಂಡುಕಿಂಡಿಗಳನ್ನು ಗಮನಿಸಬೇಕು. ಮೇಲಿನ ಕಿಂಡಿಗಳು ದೂರದ ಶತ್ರುವಿಗೆ, ಕೆಳಗಿನವು ಹತ್ತಿರ ಬಂದವನಿಗೆ, ಅತಿ ಕೆಳಗಿನವು ಗೋಡೆಯ ಬಳಿಗೇ ಬಂದವನಿಗೆ ಗುರಿಯಿಡಲು ರಚಿತವಾದವು. 1995ರ ‘ಬಾಂಬೆ’ ಚಲನಚಿತ್ರದ ಹಾಡೊಂದರ ಚಿತ್ರೀಕರಣ ಇಲ್ಲಿ ನಡೆದ ಮೇಲೆ ಕೋಟೆಯ ಹೆಸರು ದೇಶದೆಲ್ಲೆಡೆ ಹರಡಿತು.

ಕೋಟೆಯ ಪಕ್ಕದಲ್ಲೇ ಮರಳಿನ ಕಡಲ ತೀರವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುವುದರಿಂದ ನೀರಿಗಿಳಿಯುವುದು ಅಪಾಯಕರ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಪ್ರವಾಸಕ್ಕೆ ಅನುಕೂಲ.

ಸುತ್ತಮುತ್ತ

ಮರಳುವ ದಾರಿಯಲ್ಲಿ ಮಧೂರಿನ ಮಹಾಗಣಪತಿ ಕ್ಷೇತ್ರವನ್ನೂ, ಕುಂಬಳೆ ಸಮೀಪದ ಅನಂತಪುರದ ಸರೋವರ ದೇವಾಲಯವನ್ನೂ ಸಂದರ್ಶಿಸಬಹುದು. ಅನಂತಪುರದ ಕೊಳದಲ್ಲಿದ್ದ ‘ಬಬಿಯಾ’ ಎಂಬ ಮೊಸಳೆ 2022ರಲ್ಲಿ ಮೃತಪಟ್ಟಿತು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರು ಬಾಳಿದ ಮನೆ ಸ್ಮಾರಕವಾಗಿದೆ. ಈ ಭಾಗದಲ್ಲಿ ಮಲಯಾಳದ ಜೊತೆಗೆ ಕನ್ನಡ, ತುಳು ಮಾತುಗಳು ಇಂದಿಗೂ ಕೇಳಿಬರುತ್ತವೆ.

ಹೋಗುವುದು ಹೇಗೆ?

ಶ್ರೀನಿವಾಸಪುರ, ಕೋಲಾರದ ಕಡೆಯವರು ಬೆಂಗಳೂರಿಗೆ ಬಂದು, ಮಂಗಳೂರಿನ ಮೂಲಕ ಕಣ್ಣೂರಿನತ್ತ ಹೋಗುವ ರಾತ್ರಿ ರೈಲಿನಲ್ಲಿ ಕಾಸರಗೋಡು ತಲುಪಬಹುದು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿ.ಮೀ.; ಅಲ್ಲಿಂದ ಬೇಕಲಕ್ಕೆ ದಕ್ಷಿಣದತ್ತ ಸುಮಾರು 16 ಕಿ.ಮೀ. ಬಸ್ ಸೌಕರ್ಯವಿದೆ. ಕೋಟೆಯೊಳಗೆ ನೆರಳು ಕಡಿಮೆ. ಆದ್ದರಿಂದ ಬೆಳಿಗ್ಗೆ ಬೇಗನೆ ಅಥವಾ ಇಳಿಹೊತ್ತಿನಲ್ಲಿ ಹೋಗುವುದು, ಕುಡಿಯುವ ನೀರು ಜೊತೆಗಿರಿಸಿಕೊಳ್ಳುವುದು ಲೇಸು.