ನೆಳ್ಳು, ಸರಪಳಿ, ಚುಕ್ಕಿ: ನಮ್ಮ ಕಡಿಯಿಂದ ಆಕಾಶ ಅಳದವರ ಕಥಿ

ಕಲಬುರಗಿಯಾಗ ಪ್ರತಿ ಮನ್ಯಾಗೂ ಎರಡು ಹೊತ್ತು ನಡೀತಾವ. ಒಂದು ಗೋಡಿ ಗಡಿಯಾರದ ಹೊತ್ತು, ಇನ್ನೊಂದು ಅಂಗಳದ ಹೊತ್ತು. ಗಡಿಯಾರದಾಗ ಹನ್ನೆರಡು ಹೊಡದ್ರೂ ಅಂಗಳದಾಗ ಇನ್ನಾ ಮಧ್ಯಾಹ್ನ ಆಗಿರಂಗಿಲ್ಲ. ಕಂಬದ ನೆಳ್ಳು ಎಲ್ಲಕ್ಕಿಂತ ಸಣ್ಣದಾಗಿ ಬರೋಬರಿ ಉತ್ತರ-ದಕ್ಷಿಣ ಬೀಳೋದು ಸರಾಸರಿ 12 ಗಂಟೆ 23 ನಿಮಿಷಕ್ಕ. ಫೆಬ್ರವರಿ ನಡುವ ಅದು 12:37 ಆಗ್ತದ, ನವೆಂಬರ್ ಸುರುವಿಗೆ 12:06ಕ್ಕ ಬರ್ತದ. ಗಡಿಯಾರ ಕೆಟ್ಟಿಲ್ರಿ, ಸೂರ್ಯನೂ ತಡ ಮಾಡಿಲ್ಲ. ದೇಶಕ್ಕೆಲ್ಲಾ ಒಂದೇ ಗಡಿಯಾರ ಇರಲಿ ಅಂತ 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತು ತಗೊಂಡಾರ. ನಮ್ಮ ಊರು ಇರೋದು 76.8 ಡಿಗ್ರಿ ಹತ್ತಿರ. ಭೂಮಿ ಒಂದು ಡಿಗ್ರಿ ತಿರಗಾಕ 4 ನಿಮಿಷ ಬೇಕು. ಆ ಐದೂವರಿ ಡಿಗ್ರಿ ಚಿಲ್ಲರಿಯೇ ನಮ್ಮ 23 ನಿಮಿಷ.

ಇದೇ ಹಿಸಾಬ ಪಂಚಾಂಗಕ್ಕೂ ಅದ. ಧಾರವಾಡದ ಲೆಕ್ಕಕ್ಕ ಹಾಕಿದ ಪಂಚಾಂಗ ಮನ್ಯಾಗ ಇದ್ರ, ಅದ್ರಾಗಿನ ಸೂರ್ಯೋದಯ ನಮ್ಮದಕ್ಕಿಂತ ಸುಮಾರು 7 ನಿಮಿಷ ತಡ ಇರ್ತದ. ಹೈದ್ರಾಬಾದಿನದಾದ್ರ ಅಷ್ಟೇ ಮುಂಚಿ. ನನ್ನ ತವರು ಕಮಲಾಪುರ, ಕೊಟ್ಟ ಮನಿ ಕಲಬುರಗಿ. ಈ ಎರಡರ ನಡುವನೂ ಸೂರ್ಯ ಅರ್ಧ ನಿಮಿಷದ ಫರಕ ಮಾಡ್ತಾನ. ಕಮಲಾಪುರದ ಕೆಂಪು ಬಾಳಿ ತ್ವಾಟದಾಗ ಮಧ್ಯಾಹ್ನ ಆದ ಮ್ಯಾಲ ನಮ್ಮ ಓಣ್ಯಾಗ ಆಗ್ತದ. ಅವರದು ಪೂರ್ವಕ್ಕ ಸರದ ಊರು ನೋಡ್ರಿ, ಅದಕ್ಕ.

ಆಕಾಶ ಅಳಿಯೋದು ಅಂದ್ರ ದೊಡ್ಡ ದುರ್ಬೀನು, ದೊಡ್ಡ ಊರು, ದೊಡ್ಡ ಮಂದಿ ಅಂತ ಅಂದ್ಕೊತೀವಿ. ಆದ್ರ ಹೊತ್ತು, ದೂರ, ಜಾಗ ಈ ಮೂರೂ ಅಳತಿ ಸುರು ಆಗೋದು ಕಾಲ ಕೆಳಗಿನ ನೆಲದಾಗ, ಮನ್ಯಾಗ ಇರೋವಂಥ ಸಾಮಾನಿನಿಂದ. ಅದರ ಹಳೀ ಹೆಜ್ಜಿಗಳು ನಮ್ಮ ಸುತ್ತಮುತ್ತಲೇ ಬಿದ್ದಾವ.

ಮೊದಲು ಹೊತ್ತಿನ ಮಾತು. ಸೇಡಂ ಕಡೆ ಹೋಗೋವಾಗ ಕಾಗಿಣಾ ದಂಡಿ ಮ್ಯಾಲ ಮಳಖೇಡ ಅದಲ್ಲ, ಈಗ ನಮಗ ಅದು ಕೋಟಿ ಗೋಡಿ, ಸಿಮೆಂಟ್ ಲಾರಿ. ಸಾವಿರದ ನೂರಾ ಐವತ್ತು ವರ್ಷದ ಹಿಂದ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಆಳುವ ಕಾಲಕ್ಕ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಅಂತ ಸಂಸ್ಕೃತದಾಗ ಒಂದು ಗ್ರಂಥ ಬರದ್ರು. ಅದರ ಸುರುವಿನಾಗ ಅಮೋಘವರ್ಷನ ಹೊಗಳಿಕಿ ಅದ. ಕಡೀ ಭಾಗದ ಹೆಸರು ಛಾಯಾವ್ಯವಹಾರ, ಅಂದ್ರ ನೆಳ್ಳಿನ ಲೆಕ್ಕ. ಅದ್ರಾಗಿನ ಒಂದು ಸೂತ್ರ ಈಗಲೂ ಅಂಗಳದಾಗ ಮಾಡಿ ನೋಡಬಹುದು. ನಿಮ್ಮ ನೆಳ್ಳು ನಿಮ್ಮ ಎತ್ತರದ ಎಷ್ಟು ಪಟ್ಟು ಅದ ನೋಡ್ರಿ. ಅದಕ್ಕ ಒಂದು ಕೂಡಸ್ರಿ, ಬಂದದ್ದನ್ನ ಎರಡು ಪಟ್ಟು ಮಾಡ್ರಿ. ಇಡೀ ಹಗಲನ್ನ ಅಷ್ಟು ಪಾಲು ಮಾಡಿದ್ರ, ಅದರಾಗ ಒಂದು ಪಾಲು ಹೊತ್ತು ಏರಿರ್ತದ. ಮಧ್ಯಾಹ್ನ ಆಗಿ ಹೋಗಿದ್ರ, ಒಂದು ಪಾಲು ಉಳದಿರ್ತದ.

ನೆಳ್ಳು ನಿಮ್ಮಷ್ಟೇ ಉದ್ದ ಅದ ಅನ್ನೋಣ. ಒಂದಕ್ಕ ಒಂದು ಕೂಡಿದ್ರ ಎರಡು, ಅದರ ಎರಡು ಪಟ್ಟು ನಾಕು. ಹಗಲಿನ ನಾಕರಾಗ ಒಂದು ಪಾಲು ಮುಗೀತು, ಅಂದ್ರ ಹೊತ್ತು ಹುಟ್ಟಿ ಮೂರು ತಾಸು. ನೆಳ್ಳೇ ಇಲ್ಲ ಅಂದ್ರ ಅರ್ಧ ಹಗಲು, ಮಧ್ಯಾಹ್ನ. ಇದು ಸ್ಥೂಲ ಲೆಕ್ಕ ಖರೇ. ಹಗಲು-ರಾತ್ರಿ ಸಮ ಇರೋ ಮಾರ್ಚ್, ಸೆಪ್ಟೆಂಬರಿನಾಗ ಚಲೋ ಕೂಡತದ, ಉಳಿದ ದಿನ ಜರಾ ಹಿಂದ-ಮುಂದ ಆಗ್ತದ. ಆದ್ರೂ ಕೈಯಾಗ ಏನೂ ಇಲ್ಲದ ಹೊಲದಾಗಿನ ಹೆಣಮಗಳಿಗೂ ಹೊತ್ತು ಹೇಳೋ ಸೂತ್ರ ಇದು.

ರಾತ್ರಿಗೆ, ಮೋಡ ಇದ್ದ ದಿನಕ್ಕ ಗಳಿಗಿ ಬಟ್ಲು. ತಾಮ್ರದ ಬಟ್ಲದ ತಳಕ್ಕ ಸೂಜಿ ಮೊನಿಯಷ್ಟು ತೂತು. ನೀರಿನ ಮ್ಯಾಲ ತೇಲಿ ಬಿಟ್ರ ನೀರು ಒಳಗ ಬಂದು 24 ನಿಮಿಷಕ್ಕ ಮುಳಗ್ತದ. ಅದು ಒಂದು ಗಳಿಗಿ. ಅಂಥವು 60 ಆದ್ರ ಒಂದು ದಿನ. ಲಗ್ನದ ಮನ್ಯಾಗ 'ಗಳಿಗಿ ಬಂತು' ಅಂತಾರಲ್ಲ, ಆ ಮಾತು ಈ ಬಟ್ಲದಿಂದ ಬಂದದ್ದು. ಭಾಸ್ಕರಾಚಾರ್ಯರ ಮಗಳು ಲೀಲಾವತಿ ಬಗ್ಗಿ ಬಗ್ಗಿ ನೋಡೋವಾಗ ಮುತ್ತು ಜಾರಿ ಬಟ್ಲದ ತೂತಿಗೆ ಕೂತು, ಮುಹೂರ್ತ ತಪ್ಪಿತು ಅಂಬೋ ಕಥಿ ನೀವು ಕೇಳಿರ್ತೀರಿ. ಅದು ಭಾಸ್ಕರಾಚಾರ್ಯರ ಗ್ರಂಥದಾಗ ಇಲ್ರಿ. ಅಕ್ಬರನ ಆಸ್ಥಾನದ ಫೈಜಿ 1587ರಾಗ ಮಾಡಿದ ಪಾರ್ಸಿ ಅನುವಾದದಾಗ ಬರ್ತದ. ಕಥಿ ಹೆಂಗರ ಇರಲಿ, ಹೊತ್ತಿನ ಅಳತಿ ಒಂದು ಸಣ್ಣ ತೂತಿನ ಸ್ವಚ್ಛತಾದ ಮ್ಯಾಲ ನಿಂತಿರ್ತದ ಅಂಬೋದು ಅದ್ರಾಗ ಖರೇ ಮಾತು.

ಪ್ರತಿ ಊರಿಗೆ ತನ್ನ ನೆಳ್ಳಿನ ಹೊತ್ತು ಇದ್ದ ಕಾಲ ಮುಗದದ್ದು ರೈಲಿನಿಂದ. 1871ರಾಗ ಮುಂಬೈ ಕಡಿಯಿಂದ ನಮ್ಮೂರ ಮ್ಯಾಲಿಂದ ಬಂದ ಹಳಿ, ರಾಯಚೂರಿನಾಗ ಮದ್ರಾಸಿನ ಹಳಿಗೆ ಕೂಡಿತು. ಊರಿಗೊಂದು ಹೊತ್ತು ಇಟ್ಕೊಂಡ್ರ ಗಾಡಿ ಓಡೋದು ಹೆಂಗ? ಅದಕ್ಕ ರೈಲಿನವರು ಮದ್ರಾಸ್ ಟೈಮ್ ಹಿಡದ್ರು. ಮದ್ರಾಸಿನ ವೀಕ್ಷಣಾಲಯದಾಗ ಚುಕ್ಕಿಗಳು ನೆತ್ತಿ ಗೆರಿ ದಾಟೋದನ್ನ ನೋಡಿ ಗಡಿಯಾರ ತಿದ್ದಿ, ತಂತಿ ಮ್ಯಾಲ ಹೊತ್ತು ಕಳಸ್ತಿದ್ರು. ಅದು ನಮ್ಮ ಅಂಗಳದ ಹೊತ್ತಿಗಿಂತ 14 ನಿಮಿಷ ಮುಂದ. 1906ರ ಜನವರಿ 1ರಿಂದ ಈಗಿನ ಭಾರತೀಯ ಹೊತ್ತು ಬಂತು. ಈಗ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು ಅದನ್ನ ಕಾಯ್ತಾವ. ನಮ್ಮ ಫೋನಿನಾಗ ಬರೋದು ಅದೇ ಹೊತ್ತು.

ಇನ್ನ ಜಾಗದ ಮಾತು. ನಾವು ಭೂಮಿ ಮ್ಯಾಲ ಎಲ್ಲಿ ಇದ್ದೀವಿ ಅಂಬೋದು ಆಕಾಶ ನೋಡದೆ ತಿಳಿತಿರಲಿಲ್ಲ. ರಾತ್ರಿ ಮಾಳಗಿ ಏರಿ ಉತ್ತರಕ್ಕ ಧ್ರುವ ಚುಕ್ಕಿ ಹುಡಕ್ರಿ. ಕಲಬುರಗಿಯಾಗ ಅದು ನೆಲದ ಅಂಚಿನಿಂದ ಸುಮಾರು 17.3 ಡಿಗ್ರಿ ಮ್ಯಾಲ ಇರ್ತದ, ನಮ್ಮ ಅಕ್ಷಾಂಶವೂ ಅಷ್ಟೇ. ಕಮಲಾಪುರದಾಗ ಅದು ಕಾಲು ಡಿಗ್ರಿ ಇನ್ನಾ ಮ್ಯಾಲ. ಈ ಕಾಲು ಡಿಗ್ರಿಗೆ ನಾವು ಉತ್ತರಕ್ಕ ಸರದದ್ದು ಸುಮಾರು 28 ಕಿಲೋಮೀಟರ್. ರಸ್ತಾ ಓರಿ ಹೋಗೋದರಿಂದ ಬಸ್ಸಿಗೆ ಅದಕ್ಕಿಂತ ಹೆಚ್ಚಿಗಿ ಆಗ್ತದ. ಕಾಲು ಡಿಗ್ರಿಗೆ 28 ಆದ್ರ ಇಡೀ ಸುತ್ತು 360 ಡಿಗ್ರಿಗೆ? 28ನ್ನ 1440ರಿಂದ ಗುಣಿಸಿದ್ರ 40,320. ಭೂಮಿ ಸುತ್ತಳತಿ ಸುಮಾರು 40,000 ಕಿಲೋಮೀಟರ್. ತವರಿಗೆ ಹೋಗೋ ಹಾದಿಯಾಗೇ ಭೂಮಿ ಅಳದಂಗ ಆತು.

ಇದೇ ಕೆಲಸ ಕೂದಲೆಳಿ ತಪ್ಪದಂಗ ಮಾಡಾಕ ಒಬ್ಬ ಮನಿಷ್ಯಾ ಇಡೀ ಆಯುಷ್ಯ ಕೊಟ್ಟ. ವಿಲಿಯಂ ಲ್ಯಾಂಬ್ಟನ್ ಅಂತ. 1802ರಾಗ ಮದ್ರಾಸಿನಿಂದ ಸುರು ಮಾಡಿ, ಬೆಂಗಳೂರು, ಗುತ್ತಿ ದಾಟಿ, ತ್ರಿಕೋನದ ಮ್ಯಾಲ ತ್ರಿಕೋನ ಹಾಕ್ಕೊಂತ ಉತ್ತರಕ್ಕ ಬಂದ. ರಂಗೋಲಿಯಾಗ ಒಂದು ಎಳಿ ಬರೋಬರಿ ಬಿದ್ರ ಉಳದದ್ದು ತಾನೇ ಕೂಡ್ತದಲ್ಲ, ಹಂಗೇ ಇದು. ತ್ರಿಕೋನದ ಒಂದು ಬದಿ, ಎರಡು ಕೋನ ಗೊತ್ತಿದ್ರ ಉಳದ ಬದಿ ಲೆಕ್ಕದಿಂದ ಬರ್ತಾವ. ಆ ಒಂದು ಬದಿ ಮಾತ್ರ ನೆಲದ ಮ್ಯಾಲ ಕೈಲೆ ಅಳೀಬೇಕು. ನಮ್ಮ ಕಮಲಾಪುರ, ಹುಮನಾಬಾದ ದಾಟಿದ್ರ ಬೀದರ. ಆ ಬೀದರ ಸೀಮಿಯಾಗ 1815ರಾಗ ಅಂಥ ಒಂದು ಬದಿ ಅಳದ್ರು. ನೂರು ಅಡಿ ಉಕ್ಕಿನ ಸರಪಳಿ. ಅದನ್ನ ಕಟ್ಟಗಿ ಪೆಟಗ್ಯಾಗ ಇಟ್ಟು, ಬಿಸಲು ಬೀಳದಂಗ ನೆರಳು ಮಾಡಿ, ಪಕ್ಕಕ್ಕ ಉಷ್ಣಮಾಪಕ ಇಟ್ಟು ಮೈಲುಗಟ್ಟಲೆ ಎತ್ತಿ ಎತ್ತಿ ಇಡೋದು. ಯಾಕಂದ್ರ ಬಿಸಲಿಗೆ ಉಕ್ಕು ಹಿಗ್ಗತದ. ಬೀದರ ಹತ್ತಿರದ ದಾಮರಗಿದ್ದದಾಗ ಆಕಾಶದ ಚುಕ್ಕಿ ನೋಡಿ ಅಕ್ಷಾಂಶ ತಗದ್ರು, 18 ಡಿಗ್ರಿ 3 ನಿಮಿಷ. 1841ರಾಗ ಬೀದರಿನ ಆ ಅಳತಿಯನ್ನ ಮತ್ತೊಮ್ಮಿ ಹೊಸಾ ಸಾಧನದಿಂದ ಮಾಡಿದ್ರು. ಲ್ಯಾಂಬ್ಟನ್, ಅವನ ಹಿಂದ ಬಂದ ಎವರೆಸ್ಟ್, ಇವರ ಹೆಸರು ಪುಸ್ತಕದಾಗ ಉಳದಾವ. ಸರಪಳಿ ಎತ್ತಿದವರು, ಗುಡ್ಡದ ಮ್ಯಾಲ ನಿಶಾನಿ ಹಿಡದು ನಿಂತವರು ಬರೇ ಲೆಕ್ಕದಾಗ ಸೇರಿ ಹೋದ್ರು.

ಭೂಮಿ ಅಳತಿ ಆಗದೆ ಆಕಾಶದ ದೂರಕ್ಕ ಕೈ ಹಾಕಂಗಿಲ್ಲ. ಯಾಕಂದ್ರ, ಹೆಬ್ಬಟ್ಟು ಮುಂದ ಹಿಡದು ಒಮ್ಮಿ ಎಡಗಣ್ಣಿಲೆ, ಒಮ್ಮಿ ಬಲಗಣ್ಣಿಲೆ ಬಾಗಲ ಕಡೆ ನೋಡ್ರಿ. ಬಟ್ಟು ಸರದಂಗ ಕಾಣತದ. ಬಟ್ಟು ಹತ್ತಿರ ಇದ್ರ ಭಾಳ ಸರೀತದ, ದೂರ ಇದ್ರ ಸ್ವಲ್ಪ. ಎರಡು ಕಣ್ಣಿನ ನಡುವಿನ ಅಂತರ ಗೊತ್ತಿದ್ರ ಬಟ್ಟಿನ ದೂರ ಹೇಳಬಹುದು. ಆಕಾಶಕ್ಕ ಆ ಎರಡು ಕಣ್ಣು ಅಂದ್ರ ಭೂಮಿ ಮ್ಯಾಲಿನ ಎರಡು ಊರು. ಅವುಗಳ ಅಂತರ ಕೊಡೋದು ಸರಪಳಿ ಹಿಡದವರ ಹಿಸಾಬ.

1874ರ ಡಿಸೆಂಬರ್ 9ಕ್ಕ ಶುಕ್ರ ಸೂರ್ಯನ ಮುಖದ ಮ್ಯಾಲಿಂದ ಕರೀ ಚುಕ್ಕಿಯಂಗ ದಾಟಿ ಹೋದ. ಬ್ಯಾರೆ ಬ್ಯಾರೆ ದೇಶದಿಂದ ನೋಡಿದವರಿಗೆ ಅದರ ಹಾದಿ ಜರಾ ಜರಾ ಸರದು ಕಾಣತದ, ಆ ಸರಿತದಿಂದ ಸೂರ್ಯನ ದೂರ ಬರ್ತದ. ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರು ಈ ಸಂಗತಿ ಸಾಮಾನ್ಯ ಮಂದಿಗೆ ತಿಳೀಲಿ ಅಂತ ಸಣ್ಣ ಪುಸ್ತಕ ಬರದ್ರು. ಇಂಗ್ಲಿಷಿನಾಗ ಅಷ್ಟೇ ಅಲ್ಲ, ದೇಶಭಾಷಾದಾಗೂ ಸಿದ್ಧ ಮಾಡಿದ್ರು, ಅದ್ರಾಗ ಕನ್ನಡವೂ ಇತ್ತು. ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ದೂರ. ಅಲ್ಲಿಂದ ಬೆಳಕು ಬರಾಕ 8 ನಿಮಿಷ 20 ಸೆಕೆಂಡ್ ಬೇಕು, ಒಂದು ಗಳಿಗಿಯ ಮೂರನೇ ಪಾಲು ಅನ್ನರಿ.

ಚುಕ್ಕಿಗಳ ದೂರಕ್ಕ ಇಡೀ ಭೂಮಿಯೂ ಸಾಲಂಗಿಲ್ಲ. ಅದಕ್ಕ ಜನವರಿಯಾಗ ಒಮ್ಮಿ, ಜುಲೈದಾಗ ಒಮ್ಮಿ ನೋಡ್ತಾರ. ಅಷ್ಟರಾಗ ಭೂಮಿ ಸೂರ್ಯನ ಆ ಕಡೆ ಹೋಗಿ ನಿಂತಿರ್ತದ, ಎರಡು ಕಣ್ಣಿನ ಅಂತರ 30 ಕೋಟಿ ಕಿಲೋಮೀಟರ್ ಆಗ್ತದ. ಜರ್ಮನಿಯ ಬೆಸೆಲ್ 1838ರಾಗ ಹಿಂಗ ಒಂದು ಚುಕ್ಕಿಯ ದೂರ ತಗದ. ಅದಕ್ಕೂ ಆಚೆ ಇರೋದಕ್ಕ ಹಾದಿ ತೋರಿಸಿದಾಕಿ ಒಬ್ಬ ಹೆಣಮಗಳು. ಅಮೆರಿಕದ ಹಾರ್ವರ್ಡಿನಾಗ ಫೋಟೋದ ಗಾಜು ನೋಡಿ ಚುಕ್ಕಿಗಳ ಬೆಳಕು ಅಳೀತಿದ್ದ ಹೆನ್ರಿಯೆಟ್ಟಾ ಲೆವಿಟ್. ಕೆಲವು ಚುಕ್ಕಿ ದಿನಗಟ್ಟಲೆ ಮಂದ ಆಗಿ ಮತ್ತ ಬೆಳಗ್ತಾವ. ತಡ ಮಾಡಿ ಮಿಣುಕೋದು ಖರೇನೂ ದೊಡ್ಡ ದೀಪ ಅಂತ ಆಕಿ 1912ರಾಗ ತೋರಿಸಿದಳು. ದೀಪ ಎಷ್ಟು ದೊಡ್ಡದು ಅಂತ ಗೊತ್ತಾದ್ರ, ಕಾಣೋ ಬೆಳಕಿನಿಂದ ಅದು ಎಷ್ಟು ದೂರ ಅಂತ ಹೇಳಬಹುದು. ಆಕಿಗೆ ಕಿವಿ ಸರಿ ಕೇಳತಿರಲಿಲ್ಲ, ಪಗಾರ ತಾಸಿನ ಲೆಕ್ಕದಾಗ ಚಿಲ್ಲರಿ ಕಾಸು.

ಈಗ ನಮ್ಮ ಹಳೀ ರಾಜ್ಯಕ್ಕ ಬರೋಣ. 1948ರ ತನಕ ನಾವು ಹೈದ್ರಾಬಾದ ನಿಜಾಮರ ಕೆಳಗ ಇದ್ದವರು. ಆ ರಾಜ್ಯಕ್ಕ ಒಂದು ವೀಕ್ಷಣಾಲಯ ಇತ್ತು, ನಿಜಾಮಿಯಾ. ನವಾಬ್ ಜಫರ್ ಜಂಗ್ ಅವರು 1901ರ ಸುಮಾರಿಗೆ ಇಂಗ್ಲೆಂಡಿನಿಂದ 15 ಇಂಚಿನ ದುರ್ಬೀನು ತರಿಸಿ ಇದನ್ನ ಸುರು ಮಾಡಿದ್ರು. ಅವರು ತೀರಿದ ಮ್ಯಾಲ 1908ರಾಗ ಸರಕಾರದ ಕೈಗೆ ಬಂತು. ಆ ಹೊತ್ತಿಗೆ ಜಗತ್ತಿನ ವೀಕ್ಷಣಾಲಯಗಳು ಕೂಡಿ ಇಡೀ ಆಕಾಶದ ನಕ್ಷಾ ತಗೀತಿದ್ವು, ಹೊಲ ಪಾಲು ಹಂಚಿದಂಗ ಆಕಾಶ ಹಂಚಿಕೊಂಡು. ಚಿಲಿ ದೇಶಕ್ಕ ಕೊಟ್ಟಿದ್ದ ಒಂದು ಪಾಲು ಹೈದ್ರಾಬಾದಿಗೆ ಬಂತು. ಆಕಾಶದ ನಡುಗೆರಿಯಿಂದ ದಕ್ಷಿಣಕ್ಕ 17ರಿಂದ 23 ಡಿಗ್ರಿ ತನಕದ ಪಟ್ಟಿ. ಚಳಿಗಾಲದಾಗ ಎಲ್ಲಕ್ಕಿಂತ ಹೊಳೆಯೋ ಲುಬ್ಧಕ ಚುಕ್ಕಿ ಅದಲ್ಲ, ಅದರ ಕೆಳಗಿಂದಲೇ ನಮ್ಮ ರಾಜ್ಯದ ಪಾಲು ಸುರು ಆಗ್ತಿತ್ತು. ಗಾಜಿನ ಮ್ಯಾಲ ಫೋಟೋ ತಗದು, ಒಂದೊಂದು ಚುಕ್ಕಿ ಗೆರಿಯಿಂದ ಎಷ್ಟು ಆಚೆ, ಎಷ್ಟು ಈಚೆ ಅಂತ ಅಳದು ಬರಿಯೋದು. ಟಿ.ಪಿ. ಭಾಸ್ಕರನ್ ಅವರು 1918ರಿಂದ 1944ರ ತನಕ ಮುಂದ ನಿಂತು ನಡಸಿದ್ರು. ಮುಂದ ಇನ್ನೊಂದು ಉತ್ತರದ ಪಟ್ಟಿಯನ್ನೂ ಒಪ್ಪಿಕೊಂಡು, ಒಟ್ಟು ಏಳೂವರಿ ಲಕ್ಷಕ್ಕ ಮ್ಯಾಲ ಚುಕ್ಕಿಗಳ ಜಾಗ ಅಚ್ಚಾದ್ವು. ಅಲ್ಲಿ ಸಹಾಯಕರಾಗಿದ್ದ ಒಬ್ಬರ ಮಗನೇ ಮುಂದ ಕಾವಲೂರಿನ ವೀಕ್ಷಣಾಲಯ ಕಟ್ಟಿದ ವೇಣು ಬಾಪು.

ರೋಮಿನ ವ್ಯಾಟಿಕನ್ನಿನ ಪಾಲು ಅಳದವರು ನಾಕು ಮಂದಿ ಸನ್ಯಾಸಿನಿಯರು. 1910ರಿಂದ 1921ರ ತನಕ ನಾಕು ಲಕ್ಷ ಎಂಬತ್ತು ಸಾವಿರದ ಮ್ಯಾಲ ಚುಕ್ಕಿ ಎಣಿಸಿದ್ರು. ಎಮಿಲಿಯಾ ಪೊನ್ಜೋನಿ, ರೆಜಿನಾ ಕೊಲಂಬೊ, ಕೊಂಚೆಟ್ಟಾ ಫಿನಾರ್ದಿ, ಲುಯಿಜಾ ಪಂಚೇರಿ ಅಂಬೋ ಅವರ ಹೆಸರು ಮಂದಿಗೆ ಗೊತ್ತಾಗಾಕ 2016 ಬರಬೇಕಾತು.

ಇಷ್ಟು ಎಣಿಸಿ ಏನು ಬಂತು ಅಂತ ಕೇಳಬಹುದು. ನೂರು ವರ್ಷದ ತನಕ ಅದೇ ಮಾತು ಮಂದಿ ಅಂದ್ರು. ಆದ್ರ ಚುಕ್ಕಿಗಳು ನಿಂತಲ್ಲೇ ನಿಂತಿರಂಗಿಲ್ಲ, ಭಾಳ ಸಾವಕಾಶ ಸರೀತಾವ. ಎಷ್ಟು ಸರದಾವ ಅಂತ ತಿಳೀಬೇಕಾದ್ರ ಹಿಂದ ಎಲ್ಲಿದ್ವು ಅಂತ ಯಾರರ ಬರದಿಟ್ಟಿರಬೇಕು. 1989ರಾಗ ಯುರೋಪಿನವರು ಹಿಪ್ಪಾರ್ಕಸ್ ಉಪಗ್ರಹ ಹಾರಿಸಿ ಹೊಸಾ ಅಳತಿ ತಗದ್ರು. ಅದನ್ನ ಹೈದ್ರಾಬಾದ, ವ್ಯಾಟಿಕನ್ ಹಿಡದು ಎಲ್ಲಾ ಹಳೀ ಪಟ್ಟಿಗಳ ಜೋಡಿ ಇಟ್ಟು ನೋಡಿ, 2000ದಾಗ 25 ಲಕ್ಷ ಚುಕ್ಕಿಗಳ ನಡಿಗಿ ಲೆಕ್ಕ ಹಾಕಿದ್ರು. ಉಪಗ್ರಹ ಎಷ್ಟು ಶಾಣ್ಯಾ ಇದ್ರೂ ಅದಕ್ಕ ನಿನ್ನಿ ಗೊತ್ತಿರಂಗಿಲ್ಲ. ಆ ನಿನ್ನಿ ಕೊಟ್ಟವರು ಗಾಜಿನ ಮುಂದ ಬಗ್ಗಿ ಕೂತ ಮಂದಿ.

ಅದಕ್ಕ ಒಂದು ಮಾತು ಹೇಳ್ತೀನಿ, ಕೇಳ್ರಿ. ಡಿಸೆಂಬರ್ 21ಕ್ಕ ಮಾಳಗಿ ಮ್ಯಾಲ ಒಂದು ಮೀಟರ್ ಕೋಲು ನೆಟ್ಟಗ ನಿಲ್ಲಸ್ರಿ, ಮನ್ಯಾಗಿನ ಹುಡುಗೀರ ಕೈಲೇ ಮಾಡಸ್ರಿ. 12:21ರ ಸುಮಾರಿಗೆ ನೆಳ್ಳಿನ ತುದಿಗೆ ಸುಣ್ಣದ ಚುಕ್ಕಿ ಇಡ್ರಿ. ಕಲಬುರಗಿಯಾಗ ನೆಳ್ಳು 86 ಸೆಂಟಿಮೀಟರ್ ಬರ್ತದ. ಕಮಲಾಪುರದಾಗ ನಮ್ಮ ವೈನಿ ಇಡ್ತಾಳ, ಅಲ್ಲಿ ಒಂದು ಸೆಂಟಿಮೀಟರಿನೊಳಗ ಹೆಚ್ಚಿಗಿ ಬರಬೇಕು. ಕೋಲು ಜರಾ ವಾರಿ ಆದ್ರೂ ಆ ಫರಕ ಕಳದು ಹೋಗ್ತದ, ಅದಕ್ಕ ದಾರಕ್ಕ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿ ನಿಲ್ಲಸ್ರಿ. ಅಳದದ್ದನ್ನ ಹಾಲಿನ ಹಿಸಾಬ ಬರಿಯೋ ವಹಿಯಾಗೇ ಬರೀರಿ. ಊರು, ತಾರೀಖು, ಹೊತ್ತು ಹಾಕ್ರಿ, ಅಳದ ಹುಡುಗಿ ಹೆಸರು ಮರೀಬ್ಯಾಡ್ರಿ.